ಚಿಪ್ಪಿಗೆ ಪ್ರೋಗ್ರಾಂ ತುಂಬುವುದನ್ನೂ ಕಲಿಸಿ

ದ್ವಿತೀಯ ಪಿಯುಸಿ ಎಲೆಕ್ಟ್ರಾನಿಕ್ಸ್ ಓದುವ ನಮಗೆ 8051 ಮೈಕ್ರೋಕಂಟ್ರೋಲರಿನ 40 ಪಿನ್‌ಗಳ ಹೆಸರು ಬಾಯಿಪಾಠ. ಲ್ಯಾಬಿನ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ತೆರೆದು ಪ್ರೋಗ್ರಾಂ ಓಡಿಸುತ್ತೇವೆ, ಉತ್ತರ ಬಂದರೆ ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತೇವೆ. ಅಲ್ಲಿಗೆ ಮುಗಿಯಿತು. ಆ ಪ್ರೋಗ್ರಾಂ ನಿಜವಾದ ಚಿಪ್ಪಿನೊಳಗೆ ಹೇಗೆ ಹೋಗುತ್ತದೆ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ನೋಡಿಯೇ ಇಲ್ಲ. ಆ ಹೆಜ್ಜೆ ಬಿಟ್ಟರೆ ಕಲಿತದ್ದು ಅರ್ಧ ಎಂದು ನನಗನಿಸುತ್ತದೆ.

ಹೀಗನಿಸಿದ್ದು ಕಳೆದ ರಜೆಯಲ್ಲಿ. ನಾನೂ ಗೆಳೆಯನೂ ಎಟಿ89ಎಸ್52 ಚಿಪ್ ಒಂದನ್ನು ತಂದೆವು. ಅದೂ 8051 ಕುಟುಂಬದ್ದೇ, ಒಳಗೆ 8 ಕಿಲೋಬೈಟ್ ಫ್ಲ್ಯಾಶ್ ಮೆಮೊರಿ ಇದೆ. ಇದಕ್ಕೆ ಎರಡು ಸ್ಥಿತಿ. 9ನೇ ಪಿನ್, ಅಂದರೆ ರೀಸೆಟ್ಟನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಟ್ಟು ಸರಿಯಾದ ಆದೇಶ ಕಳಿಸಿದರೆ ಚಿಪ್ ತನ್ನ ಕೆಲಸ ಬಿಟ್ಟು ಪ್ರೋಗ್ರಾಂ ಬರೆಸಿಕೊಳ್ಳಲು ಕೂರುತ್ತದೆ. ರೀಸೆಟ್ ಕೆಳಗಿಳಿಸಿದರೆ 0000 ವಿಳಾಸದಿಂದ ಓಡತೊಡಗುತ್ತದೆ. ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ತುಂಬಿದೆವು. ಬರೆದದ್ದು ಸರಿಯಾಗಿದೆ ಎಂದು ಕಂಪ್ಯೂಟರ್ ಹೇಳಿತು. ಚಿಪ್ ತಂದು ಬ್ರೆಡ್‌ಬೋರ್ಡಿಗೆ ಚುಚ್ಚಿದರೆ ಎಲ್‌ಇಡಿ ಸತ್ತಂತೆ ಕೂತಿತ್ತು!

ಎರಡು ಸಂಜೆ ಹೋಯಿತು. ಕಡೆಗೆ ನೋಡಿದರೆ 31ನೇ ಪಿನ್ ಇಎ ಗ್ರೌಂಡಿಗೆ ಸೇರಿತ್ತು. ಹಾಗಿದ್ದಾಗ ಚಿಪ್ ತನ್ನ ಹೊಟ್ಟೆಯೊಳಗಿನ ಫ್ಲ್ಯಾಶನ್ನು ಬಿಟ್ಟು ಹೊರಗಿನ ಮೆಮೊರಿಯನ್ನು ಹುಡುಕುತ್ತದೆ. ನಮ್ಮ ಬೋರ್ಡಿನಲ್ಲಿ ಹೊರಗೆ ಏನಿತ್ತು? ಆ ತಂತಿಯನ್ನು 5 ವೋಲ್ಟಿಗೆ ಹಾಕಿದ ಕೂಡಲೇ ಎಲ್‌ಇಡಿ ಮಿನುಗಿತು. ತಮಾಷೆಯೆಂದರೆ, ಯೂನಿಟ್ ಟೆಸ್ಟಿನಲ್ಲಿ ಇಎ ಪಿನ್ ಬಗ್ಗೆ ಒಂದು ಅಂಕದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಬರೆದಿದ್ದೆ.

ಮಕ್ಕಳ ಕೈಗೆ ಕೊಟ್ಟರೆ ಚಿಪ್ ಹಾಳಾಗುತ್ತದೆ ಎಂಬ ಆತಂಕ ಉಪನ್ಯಾಸಕರಿಗೆ ಇರಬಹುದು. ಸಪ್ಲೈ ತಿರುಗುಮುರುಗಾದರೆ ಚಿಪ್ ಹೋಗುತ್ತದೆ, ಒಪ್ಪುತ್ತೇನೆ. ಆದರೆ ತಪ್ಪು ಪ್ರೋಗ್ರಾಮಿನಿಂದ ಅದು ಸಾಯುವುದಿಲ್ಲ. 1980ರಲ್ಲಿ ಇಂಟೆಲ್ ತಂದ 8051ರಲ್ಲಿ ಪ್ರೋಗ್ರಾಮನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕುತ್ತಿದ್ದರು, ಆಮೇಲೆ ಬದಲಿಸುವಂತಿರಲಿಲ್ಲ. ಅದರ ಅಣ್ಣತಮ್ಮ 8751ಕ್ಕೆ ಬೆನ್ನ ಮೇಲೆ ಗಾಜಿನ ಕಿಟಕಿ. ಅಳಿಸಬೇಕಾದರೆ ಅಲ್ಟ್ರಾವಯಲೆಟ್ ದೀಪದ ಕೆಳಗೆ ನಿಮಿಷಗಟ್ಟಲೆ ಇಡಬೇಕು. ಫ್ಲ್ಯಾಶ್ ಕ್ಷಣದಲ್ಲಿ ಅಳಿಯುತ್ತದೆ. ಪ್ರತಿ ಬೈಟೂ ಎಫ್‌ಎಫ್ ಆಗಿ ಮತ್ತೆ ಖಾಲಿ ಸ್ಲೇಟು, ಅದೂ ಕನಿಷ್ಠ ಸಾವಿರ ಸಲ. ಬೇರೆಯವರು ಓದದಂತೆ ಲಾಕ್ ಬಿಟ್ ಹಾಕಿದ್ದರೂ ಇಡೀ ಚಿಪ್ ಅಳಿಸಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ಒಂದು ಬ್ಯಾಚ್ ಎಷ್ಟೇ ತಪ್ಪು ಮಾಡಿದರೂ ಸಾವಿರ ಮುಟ್ಟುವುದು ಕಷ್ಟ.

ಸಿಮ್ಯುಲೇಟರ್ ಬೇಡ ಎನ್ನುತ್ತಿಲ್ಲ. ರಿಜಿಸ್ಟರ್ ಒಂದೊಂದೇ ಬದಲಾಗುವುದು ಕಾಣುವುದು ಅದರಲ್ಲೇ. ಆದರೆ ಅದರಲ್ಲಿ ತಂತಿ ತಪ್ಪುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇರುವವರು ನಮ್ಮಂತೆ ರಜೆಯಲ್ಲಿ ಒದ್ದಾಡಿ ಕಲಿಯಬಹುದು. ಇಲ್ಲದವರಿಗೆ ಕಾಲೇಜಿನ ಲ್ಯಾಬೇ ಗತಿ.

ಆದ್ದರಿಂದ ವಿಭಾಗದ ಸರ್, ಮೇಡಂ ಅವರಲ್ಲಿ ವಿನಂತಿ: ಎರಡು ಪ್ರೋಗ್ರಾಮರ್, ಹತ್ತು ಚಿಪ್ ತರಿಸಿಕೊಡಿ. ಶುಕ್ರವಾರ ಜುಮಾ ನಂತರ ಲ್ಯಾಬ್ ಹೇಗೂ ಖಾಲಿ ಇರುತ್ತದೆ. ಆಗ ಒಂದು ಗಂಟೆ ಬಾಗಿಲು ತೆರೆದರೆ ಸಾಕು, 31ನೇ ಪಿನ್ ಯಾರ್‍ಯಾರು ಮರೆಯುತ್ತಾರೆ ಎಂದು ನೋಡಲು ನಾನಂತೂ ಬರುತ್ತೇನೆ.