ಹಗಲು ಹಾರಾಟ, ರಾತ್ರಿ ರಿಪೇರಿ

ನಮ್ಮ ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ದುಡಿಯಲು ಹೋಗುವವರು ಗೋಕುಲ ರಸ್ತೆಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ಕಂಡೇ ಇರುತ್ತಾರೆ. ಗಿರಣಿಯ ಯಂತ್ರದಂತೆ ಅದಕ್ಕೂ ಬಿಡುವು ಬೇಕು. ಆರರಿಂದ ಹತ್ತು ವರ್ಷಕ್ಕೊಮ್ಮೆ ವಾರಗಟ್ಟಲೆ ನಿಲ್ಲಿಸಿ, ಆಸನ, ಒಳಹೊದಿಕೆಗಳನ್ನೆಲ್ಲ ಕಳಚಿ, ಬಿರುಕು, ತುಕ್ಕು ಹುಡುಕಬೇಕು. ನಿಂತ ವಿಮಾನ ಗಳಿಸುವುದಿಲ್ಲ; ಮಾಲಿಕರ ಸಂಕಟ ಅಲ್ಲಿಯೇ.

ಹವಾಯಿಯ ಅಲೋಹಾ ಕಂಪನಿ ಇದಕ್ಕೊಂದು ಉಪಾಯ ಹೂಡಿತ್ತು. ಈ ದೊಡ್ಡ ತಪಾಸಣೆಯನ್ನು 52 ತುಂಡು ಮಾಡಿ ಎಂಟು ವರ್ಷಗಳಲ್ಲಿ ಹಂಚಿತು. ಹಗಲು ಹಾರಾಟ, ರಾತ್ರಿ ರಿಪೇರಿ, ಬೆಳಗಾಗುವುದರೊಳಗೆ ವಿಮಾನ ಸಿದ್ಧ! 1988ರ ಏಪ್ರಿಲ್ 28ರಂದು 24 ಸಾವಿರ ಅಡಿ ಎತ್ತರದಲ್ಲಿ ಅದರ 19 ವರ್ಷದ ಬೋಯಿಂಗ್ 737ರ ಛಾವಣಿಯೇ ಕಿತ್ತುಹೋಯಿತು. ಗಗನಸಖಿಯೊಬ್ಬಳು (ಅವಳೂ ಸಂಬಳಕ್ಕೆ ದುಡಿಯುವವಳೇ) ಹೊರಗೆ ಸೆಳೆದುಹೋಗಿ ಮಡಿದಳು. ಕಂಪನಿಯ ತಪಾಸಣಾ ವ್ಯವಸ್ಥೆಗೆ ಬಿರುಕು ಕಾಣಲಿಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು. ರಾತ್ರಿಪಾಳಿಯಲ್ಲಿ ಕಣ್ಣು ಎಳೆಯುವಾಗ ಸಾಲು ಸಾಲು ರಿವೆಟ್ಟು ನೋಡುವ ಪಾಡನ್ನು ಗಿರಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರಖಾನೆಯ ಕೆಲಸಗಾರರು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳನ್ನೇ ಬಿಚ್ಚಿ ಜೋಡಿಸಿದವರು. ಆದರೂ ನಮ್ಮ ಎಷ್ಟೋ ವಿಮಾನಗಳು ದೊಡ್ಡ ರಿಪೇರಿಗೆ ಪರದೇಶಕ್ಕೆ ಹೋದವು. ಇಲ್ಲಿಯ ರಿಪೇರಿಗೆ ಸರಕಾರವೇ ಶೇಕಡಾ 18 ತೆರಿಗೆ ಹೇರಿತ್ತು. 2020ರಲ್ಲಿ ಅದು 5ಕ್ಕೆ ಇಳಿಯಿತು. ಒಳ್ಳೆಯದಾಯಿತು, ಕೆಲಸ ಇಲ್ಲಿಗೇ ಬರಲಿ. ಆದರೆ 'ಈ ವಿಮಾನ ನಾಳೆ ಹಾರಕೂಡದು' ಎಂದವನ ನೌಕರಿಗೆ ಕುತ್ತು ಬರಬಾರದು. ಗುತ್ತಿಗೆಯ ಆಳು ಹಾಗೆ ಬಾಯಿ ತೆರೆಯುವುದುಂಟೆ? ತಪಾಸಣೆಯ ಕೆಲಸವೆಲ್ಲ ಕಾಯಂ ನೌಕರರದ್ದೇ ಆಗಬೇಕು. ತೆರಿಗೆ ಇಳಿಸಿದ ಸರಕಾರ ಈ ಮಾತನ್ನೂ ಕಾನೂನಿನಲ್ಲಿ ಬರೆಯಲಿ.