ತಿಕ್ಕಲರ ಊರಲ್ಲ ಸ್ವಾಮಿ, ಇದು ಮದಲೂರು!

ಭಾನುವಾರ ಬಂತೆಂದರೆ ಬೆಂಗಳೂರಿನ ಒಂದಷ್ಟು ಕಾರುಗಳು ತುಮಕೂರು ದಾಟಿ ಶಿರಾ ಕಡೆ ಮುಖ ಮಾಡುತ್ತವೆ. ಒಳಗೆ ಕ್ಯಾಮೆರಾ, ನೀರಿನ ಬಾಟಲಿ, ತಂಪು ಕನ್ನಡಕ. ಹೆದ್ದಾರಿ ಬಿಟ್ಟು ಯಾವುದೋ ಹಳ್ಳಿ ದಾರಿಗೆ ಇಳಿದು, ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿ ಇವರು ಕೇಳುವ ಮೊದಲ ಪ್ರಶ್ನೆ: 'ಇಲ್ಲಿ ವಿಚಿತ್ರ ಅನ್ನೋ ಥರ ಏನಾದ್ರೂ ಇದೆಯಾ?'

ಅಂಗಡಿಯವನು ಏನು ಹೇಳಬೇಕು? 'ನೀವೇ ಬಂದಿದ್ದೀರಲ್ಲ ಸಾಮಿ' ಅನ್ನಬಹುದು. ವ್ಯಾಪಾರದ ಹೊತ್ತು, ಅನ್ನುವುದಿಲ್ಲ. ನಗುತ್ತಾ ಟೀ ಕೊಡುತ್ತಾನೆ.

ಸಣ್ಣ ಊರುಗಳನ್ನೂ ಅಲ್ಲಿಯ ವಿಚಿತ್ರ ಮನುಷ್ಯರನ್ನೂ ಹುಡುಕಿಕೊಂಡು ಹೋಗಿ ಬರೆಯುವ ಖಯಾಲಿ ಈಗ ಜೋರಾಗಿದೆ. ಮೊದಲು ವಾರದ ಪುರವಣಿಗಳಲ್ಲಿತ್ತು, ಈಗ ಯೂಟ್ಯೂಬಿಗೂ ಬಂದಿದೆ. ಬಂದು ನೋಡುವುದು ತಪ್ಪಲ್ಲ. ನಾಲ್ಕು ಜನ ಬಂದರೆ ಟೀ ಖರ್ಚಾಗುತ್ತದೆ, ಕಡಲೆಕಾಯಿ ಖರ್ಚಾಗುತ್ತದೆ, ಪಂಕ್ಚರ್ ಹಾಕುವವನಿಗೂ ಕಾಸಾಗುತ್ತದೆ. ಆದರೆ ಅರ್ಧ ದಿನ ಇದ್ದು, ಊರನ್ನೆಲ್ಲ ಕೋಡಂಗಿ ಮಾಡಿ ಹೋಗುವುದು ಎಂಥ ನ್ಯಾಯ?

ಮದಲೂರನ್ನೇ ತೆಗೆದುಕೊಳ್ಳಿ. ಅಲ್ಲೊಬ್ಬ ಮುದುಕ ಇದ್ದಾನೆ ಅಂದುಕೊಳ್ಳೋಣ. ದಿನಾ ಬೆಳಿಗ್ಗೆ ಎದ್ದು, ಕಂಬಳಿ ಹೊದ್ದು, ಕೆರೆ ಏರಿ ಮೇಲೆ ನಿಂತು, ನೀರು ಬಂತಾ ಅಂತ ಒಣಕೆರೆ ನೋಡಿ ವಾಪಸು ಬರುತ್ತಾನೆ. ಕಾರಿನವರಿಗೆ ಹಬ್ಬ! 'ಒಣಗಿದ ಕೆರೆಗೆ ಕಾವಲು ಕಾಯುವ ತಿಕ್ಕಲ' ಎಂದು ತಲೆಬರಹ, ಜೊತೆಗೊಂದು ಫೋಟೋ. ಮುಗಿಯಿತು.

ಆದರೆ 2020ರಲ್ಲಿ ಇದೇ ಕೆರೆ ನೋಡಲು ಬಂದವರು ಯಾರು ಯಾರು? ಶಾಸಕ ಬಿ. ಸತ್ಯನಾರಾಯಣ ಅವರು ತೀರಿಕೊಂಡು, ನವೆಂಬರ್ 3ಕ್ಕೆ ಶಿರಾದಲ್ಲಿ ಉಪಚುನಾವಣೆ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೇ ಪ್ರಚಾರಕ್ಕೆ ಬಂದು, ಆರು ತಿಂಗಳಲ್ಲಿ ಮದಲೂರು ಕೆರೆ ತುಂಬಿಸುತ್ತೇನೆ ಎಂದು ಮಾತು ಕೊಟ್ಟರು. ಮೂರೂ ಪಕ್ಷಗಳಿಗೆ ಅದೊಂದೇ ಜಪ: ಮದಲೂರು ಕೆರೆ, ಮದಲೂರು ಕೆರೆ. ಬಿಜೆಪಿ ಶಿರಾದಲ್ಲಿ ಮೊದಲ ಸಲ ಗೆದ್ದಿತು. ಚುನಾವಣೆ ಆದಮೇಲೆ ನೀರು ಬಿಟ್ಟದ್ದೂ ಆಯಿತು. ಮರುವರ್ಷ, ಅಂದರೆ 2021ರಲ್ಲಿ, ಹೇಮಾವತಿಯಲ್ಲಿ ಮದಲೂರಿಗೆ ಹಂಚಿಕೆ ಇದೆಯೋ ಇಲ್ಲವೋ ಎಂಬ ತಕರಾರು ಶುರುವಾಯಿತು. ಓಟು ಕೇಳುವಾಗ ಇದ್ದ ಕೆರೆ ಲೆಕ್ಕಕ್ಕೆ ಬಂದಾಗ ಇಲ್ಲ!

ಈಗ ಹೇಳಿ. ಮುಖ್ಯಮಂತ್ರಿ ಕೆರೆ ನೋಡಿದರೆ ಅಭಿವೃದ್ಧಿ, ಮುದುಕ ನೋಡಿದರೆ ತಿಕ್ಕಲೇ? ಆ ಮುದುಕ ಯಾಕೆ ನೋಡುತ್ತಾನೆ ಎಂದು ಒಂದು ಮಾತು ಕೇಳಿದ್ದರೆ, ಕೆರೆ ಒಣಗಿದರೆ ಸುತ್ತಿನ ಬೋರ್‌ವೆಲ್‌ಗಳು ಕೈಕೊಡುತ್ತವೆ, ಬೋರ್‌ವೆಲ್ ಕೈಕೊಟ್ಟರೆ ಸಾಲ ಮೈಮೇಲೆ ಬರುತ್ತದೆ, ಸಾಲ ಬಂದರೆ ಮಗ ಬೆಂಗಳೂರಿನ ಬಸ್ ಹತ್ತುತ್ತಾನೆ ಎಂಬ ಲೆಕ್ಕ ಸಿಗುತ್ತಿತ್ತು. ಅದು ಒಬ್ಬನ ತಿಕ್ಕಲಲ್ಲ, ಒಂದು ತಾಲೂಕಿನ ಚರಿತ್ರೆ.

ಇದೇ ಶಿರಾ ತಾಲೂಕಿನ ಕಗ್ಗಲಡು ಇದೆ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಹಕ್ಕಿಗೆ ತೊಂದರೆ ಆಗುತ್ತದೆಂದು ಆ ಮರಗಳ ಹಣ್ಣು ಬಡಿಯುವುದಿಲ್ಲ. ಹುಣಸೆಹಣ್ಣಿಗೆ ಮಾರ್ಕೆಟ್ಟಿನಲ್ಲಿ ಏನು ರೇಟಿದೆ ಎಂದು ದಿನಸಿ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕೈಗೆ ಬಂದ ಕಾಸನ್ನು ಮರದ ಮೇಲೇ ಬಿಟ್ಟವರು ಇವರು. ಇದನ್ನು 'ಹಕ್ಕಿಗೆ ಹುಣಸೆಹಣ್ಣು ಬಿಡುವ ವಿಚಿತ್ರ ಊರು' ಎಂದು ಬರೆದರೆ ಓದುವವರು ನಗುತ್ತಾರೆ. ಕಳೆದುಕೊಂಡದ್ದು ಎಷ್ಟು ಎಂದು ಬರೆದರೆ ಕೈಮುಗಿಯುತ್ತಾರೆ.

ಪಾವಗಡಕ್ಕೆ ಹೋದರೆ ಸೋಲಾರ್. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. 2018ರಲ್ಲಿ ಶುರುವಾಯಿತು. 'ಗಾಜಿನ ಸಮುದ್ರ' ಎಂದು ಬರೆದು ಹೋಗುವವರಿಗೇನು ಬರವಿಲ್ಲ. ಜಮೀನಿದ್ದವರಿಗೆ ವರ್ಷಾ ಗುತ್ತಿಗೆ ಹಣ ಬರುತ್ತದೆ, ಸರಿ. ಅದೇ ಜಮೀನಿನಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ ಏನು ಬಂತು, ಕುರಿ ಮೇಯಿಸುವವರು ಎಲ್ಲಿಗೆ ಹೋದರು ಎಂದು ಕೇಳಬೇಕಾದವರು ಸೆಲ್ಫಿ ತೆಗೆದುಕೊಂಡು ಶನಿಮಹಾತ್ಮನಿಗೆ ಎಣ್ಣೆ ಹಾಕಿ ವಾಪಸಾಗುತ್ತಾರೆ.

ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಿಬಿಡಬೇಕು. ವಿಚಿತ್ರ ಎಂದು ನಕ್ಕು ಬಿಡುವುದರಿಂದ ಮುಚ್ಚಿಹೋಗುವ ಪಾಪವೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆ ಗುಡಿಸಲಿನಲ್ಲಿ ಇಟ್ಟರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಅಂಥ ಗುಡಿಸಲುಗಳನ್ನು 'ಹಟ್ಟಿಯ ವಿಶಿಷ್ಟ ಸಂಪ್ರದಾಯ' ಎಂದು ಬಣ್ಣ ಕಟ್ಟಿ ಬರೆಯುವುದು ಸುಲಭ. ತಾಯಿಯ ಜೊತೆ ಕೂತು ಮಾತಾಡುವುದು ಕಷ್ಟ. ನಗಬಾರದ ಕಡೆ ನಗುವುದು, ಸಿಟ್ಟಾಗಬೇಕಾದ ಕಡೆ ಮೆಚ್ಚುವುದು. ಅರ್ಧ ದಿನದ ಬರಹಕ್ಕೆ ಎರಡೂ ರೋಗ.

ಹೊರಗಿನವರು ಬರೆಯಲೇಬಾರದು ಎಂದು ಯಾರೂ ಹೇಳುವುದಿಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ಡಾಕ್ಟರು ಕಂಪನಿಯ ಆಜ್ಞೆ ಹಿಡಿದು ಮೈಸೂರು ಸೀಮೆ ಸುತ್ತಿದ. ಶಿರಾಕ್ಕೂ ಬಂದ. ಗೆದ್ದವರ ಕಡೆಯವನು, ಕಂದಾಯದ ಕಣ್ಣಿನವನು, ಸಂದೇಹವೇ ಇಲ್ಲ. ಆದರೂ ಹೊಲದಲ್ಲಿ ಏನು ಬೆಳೆಯುತ್ತೀರಿ, ಸಂತೆಗೆ ಏನು ಬರುತ್ತದೆ, ನೇಕಾರನಿಗೆ ಕೂಲಿ ಎಷ್ಟು ಎಂದು ಕೂತು ಕೇಳಿ ಬರೆದುಕೊಂಡ. ಕುದುರೆ, ಪಲ್ಲಕ್ಕಿಯ ಕಾಲದ ಪರದೇಶಿ ಕೇಳಿದಷ್ಟನ್ನಾದರೂ ಕಾರಿನಲ್ಲಿ ಬಂದ ನಮ್ಮವರು ಕೇಳಬಾರದೇ?

ಊರಿನ ವಿಚಿತ್ರ ಮನುಷ್ಯರ ಬಗ್ಗೆ ಹೇಗೆ ಬರೆಯಬೇಕು ಎಂಬುದಕ್ಕೆ ಕನ್ನಡದಲ್ಲೇ ಪಾಠ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಊರಿನ ಮಂದಿಯ ಮೇಲೆ ಪುಸ್ತಕ ಬರೆದಾಗ ಇಟ್ಟ ಹೆಸರು 'ನಮ್ಮ ಊರಿನ ರಸಿಕರು'. ತಿಕ್ಕಲರು ಎನ್ನಲಿಲ್ಲ, ರಸಿಕರು ಎಂದರು. 'ನಮ್ಮ' ಎಂಬ ಮಾತನ್ನೂ ಬಿಡಲಿಲ್ಲ. ಮುಂದೆ ಅವರೇ ಅಮೆರಿಕಾಕ್ಕೆ ಹೋಗಿ, ಹಳ್ಳಿಯವನ ಕಣ್ಣಲ್ಲಿ ಆ ದೇಶ ನೋಡಿ ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು.

ತಮಾಷೆ ನೋಡಿ, ಹೇಮಾವತಿಗೆ ಅಣೆಕಟ್ಟು ಕಟ್ಟಿರುವುದು ಅದೇ ಗೊರೂರಿನಲ್ಲಿ. ರಸಿಕರ ಊರಿನ ನೀರೇ ನಾಲೆಯಲ್ಲಿ ಹರಿದು, ಕಳ್ಳಂಬೆಳ್ಳ, ಶಿರಾ ದಾಟಿ ಮದಲೂರಿಗೆ ಬರಬೇಕು. ಅಷ್ಟು ದೂರದಿಂದ ನೀರು ಬರಬಹುದಾದರೆ, ಒಂದಿಷ್ಟು ಆ ಪ್ರೀತಿಯೂ ಯಾಕೆ ಬರಬಾರದು?

'ನೀವೇನು ಕಮ್ಮಿ? ನಿಮ್ಮೂರಲ್ಲಿ ಅಡ್ಡಹೆಸರು ಇಲ್ಲದವರು ಯಾರಿದ್ದಾರೆ?' ಎಂದು ಕಾರಿನವರು ಕೇಳಬಹುದು. ನಿಜ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರು ಇಡೀ ಊರಿಗೆ ಹೆಸರಿಟ್ಟಿರುತ್ತಾರೆ. ತನ್ನಷ್ಟಕ್ಕೆ ಮಾತಾಡುವವನಿಗೊಂದು, ಛತ್ರಿ ಬಿಡದವನಿಗೊಂದು. ನಗುವುದೂ ಉಂಟು, ಮಿತಿ ಮೀರುವುದೂ ಉಂಟು. ಆದರೆ ಒಂದು ವ್ಯತ್ಯಾಸ ಇದೆ. ಎರಡು ದಿನ ಆತ ಬಸ್ ಸ್ಟ್ಯಾಂಡಿಗೆ ಬರದಿದ್ದರೆ 'ಯಾಕೋ ಕಾಣ್ಲಿಲ್ವಲ್ಲ, ಹುಷಾರಿಲ್ವೇನೋ' ಎಂದು ವಿಚಾರಿಸುವವರೂ ಅವರೇ. ಹೋಟೆಲಿನವನು ಅವನ ಕೈಲಿ ಕಾಸು ಕೇಳುವುದಿಲ್ಲ, ಕಂಡಕ್ಟರು ಟಿಕೆಟ್ಟಿಗೆ ಪೀಡಿಸುವುದಿಲ್ಲ. ನಕ್ಕವರು ಸಾಕುತ್ತಲೂ ಇದ್ದಾರೆ. ಕ್ಯಾಮೆರಾದವರು ನಗುವುದಷ್ಟನ್ನು ಒಯ್ದು, ಸಾಕುವುದನ್ನು ಊರಿಗೇ ಬಿಟ್ಟು ಹೋಗುತ್ತಾರೆ.

ಆರ್.ಕೆ. ನಾರಾಯಣರ ಮಾಲ್ಗುಡಿ ಬೇರೆ ಮಾತು. ಶಂಕರನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರೂ ಅದು ಭೂಪಟದಲ್ಲಿಲ್ಲದ ಊರು. ಅಲ್ಲಿಯ ಜನರ ಬಗ್ಗೆ ಏನು ಬರೆದರೂ ಮಾರನೆ ದಿನ ಯಾರೂ ತಲೆ ತಗ್ಗಿಸಿ ನಡೆಯಬೇಕಾಗಿಲ್ಲ. ಮದಲೂರು ಹಾಗಲ್ಲ. ಇಲ್ಲಿಯವರಿಗೆ ರೇಷನ್ ಕಾರ್ಡಿದೆ, ಹೆಂಡತಿ ಮಕ್ಕಳಿದ್ದಾರೆ, ಹೆಣ್ಣು ಕೇಳಲು ಬರುವ ಬೀಗರಿದ್ದಾರೆ. ಆ ಬೀಗರ ಕೈಲೂ ಫೋನಿದೆ.

ಆದ್ದರಿಂದ ಬರುವವರು ಬರಲಿ, ಬರೆಯುವವರು ಬರೆಯಲಿ. ಶಿರಾ ಕೋಟೆ, ಮಲಿಕ್ ರಿಹಾನ್ ದರ್ಗಾ, ಮಧುಗಿರಿ ಬೆಟ್ಟ, ಯಾವುದಕ್ಕೂ ಬಾಗಿಲು ಹಾಕಿಲ್ಲ. ಒಂದೇ ಷರತ್ತು. ಬರೆದದ್ದನ್ನು ಇನ್ನೊಂದು ಭಾನುವಾರ ತಂದು, ಅದೇ ಟೀ ಅಂಗಡಿ ಬೆಂಚಿನ ಮೇಲೆ, ಯಾರ ಬಗ್ಗೆ ಬರೆದರೋ ಅವರ ಎದುರೇ ಗಟ್ಟಿಯಾಗಿ ಓದಿ ಹೇಳಲಿ. ಓದುವಾಗ ನಾಲಗೆ ತಡವರಿಸಿದ ಕಡೆ ಗೆರೆ ಹೊಡೆದು ಹಾಕಲಿ. ಹೊರಡುವ ಮುಂಚೆ ಒಮ್ಮೆ ಕೆರೆ ಏರಿ ಹತ್ತಿ, ನೀರು ಎಷ್ಟಿದೆ ಎಂದು ನೋಡಿ ಅದನ್ನೂ ಬರೆದುಕೊಳ್ಳಲಿ.