ಆರೋಗ್ಯ ವಿಮೆ ಮತ್ತು ರೋಗಿಯ ಸತ್ಯ

ಆಯುರ್ವೇದವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಎರಡು ಮಾತುಗಳನ್ನು ಸೇರಿಸಿದ್ದಾರೆ. ರೋಗಿಯು ‘ಆಢ್ಯ’ನಾಗಿರಬೇಕು, ಅಂದರೆ ಚಿಕಿತ್ಸೆಯ ವೆಚ್ಚವನ್ನು ಭರಿಸಬಲ್ಲವನಾಗಿರಬೇಕು, ‘ಜ್ಞಾಪಕ’ನೂ ಆಗಿರಬೇಕು, ಅಂದರೆ ತನ್ನ ರೋಗವನ್ನು ಮುಚ್ಚಿಡದೆ ತಿಳಿಸುವವನಾಗಿರಬೇಕು. ಆರೋಗ್ಯ ವಿಮೆಯು ಆಢ್ಯನಲ್ಲದವನಿಗೆ ಆಢ್ಯತೆಯನ್ನು ಒದಗಿಸುವ ಉಪಾಯ. ಆದರೆ ಜ್ಞಾಪಕತ್ವವಿಲ್ಲದಿದ್ದರೆ ಆ ಉಪಾಯ ಫಲಿಸದು ಎಂಬುದೇ ಈ ಲೇಖನದ ಅಭಿಪ್ರಾಯ.

ಕಾನಹೊಸಹಳ್ಳಿಯ ಸುತ್ತಲಿನದು ಬಹುಪಾಲು ಮಳೆಯನ್ನೇ ನಂಬಿದ ಬೇಸಾಯ. ಹೃದಯ, ಮೂತ್ರಪಿಂಡಗಳ ದೊಡ್ಡ ಚಿಕಿತ್ಸೆಗೆ ನಮ್ಮವರು ಹೊಸಪೇಟೆ, ಬಳ್ಳಾರಿ, ದಾವಣಗೆರೆ ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಒಂದೇ ಶಸ್ತ್ರಚಿಕಿತ್ಸೆ ಶೇಂಗಾ ಬೆಳೆಯುವ ಹೊಲವನ್ನು ಅಡವಿಗೆ ದೂಡಬಲ್ಲದು. ಆದುದರಿಂದ ವಿಮೆ ಪಟ್ಟಣದವರ ಶೋಕಿ ಎಂಬ ಮಾತು ಸಲ್ಲದು.

ಆದರೆ ಖಾಸಗಿ ವಿಮೆಗೆ ಕಂತು ಕಟ್ಟುವ ಮುನ್ನ ನಮಗೆ ಈಗಾಗಲೇ ದೊರೆತಿರುವುದನ್ನು ತಿಳಿಯಬೇಕು. 2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸರಕಾರ ಭರಿಸುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, 2023ರಲ್ಲಿ ಪುನಃ ಆರಂಭವಾದ ಯಶಸ್ವಿನಿ ಯೋಜನೆಯೂ ಇದೆ. ಖಾಸಗಿ ವಿಮೆ ಬೇಕಾದುದು ಇವು ತಲುಪದ ವೆಚ್ಚಕ್ಕೆ, ಇವು ಒಪ್ಪದ ಆಸ್ಪತ್ರೆಗೆ.

ಇನ್ನು ಮುಖ್ಯ ವಿಷಯ. ‘ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಬರೆಯಬೇಡಿ, ಕಂತು ಏರುತ್ತದೆ’ ಎಂದು ಬುದ್ಧಿ ಹೇಳುವವರು ಊರೂರಿಗೂ ಇದ್ದಾರೆ. ಆ ಮಾತು ಕೇಳಿದವನು ವರ್ಷಕ್ಕೆ ಕೆಲವು ಸಾವಿರ ಉಳಿಸಿ ಲಕ್ಷಾಂತರ ರೂಪಾಯಿಗಳ ರಕ್ಷಣೆಯನ್ನು ಅಪಾಯಕ್ಕೆ ಒಡ್ಡುತ್ತಾನೆ. ಆಸ್ಪತ್ರೆಗೆ ಸೇರಿದ ದಿನ ವೈದ್ಯರು ‘ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ?’ ಎಂದು ಕೇಳುತ್ತಾರೆ. ಮನೆಯವರು ‘ಹತ್ತು ವರ್ಷ’ ಎನ್ನುತ್ತಾರೆ. ಅದು ದಾಖಲೆಯಲ್ಲಿ ಸೇರುತ್ತದೆ. ಅರ್ಜಿಗೂ ದಾಖಲೆಗೂ ಹೊಂದದಿದ್ದರೆ ಕಂಪನಿ ಹಣವನ್ನು ನಿರಾಕರಿಸಬಹುದು.

ನಿಜ ಬರೆದವನಿಗೆ ನಿಯಮಗಳೇ ಬೆಂಬಲವಾಗಿವೆ. 2024ರಿಂದ ಹಳೆಯ ರೋಗಕ್ಕೆ ಕಾಯುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಮೊದಲು ಅದು 48 ತಿಂಗಳಿತ್ತು. 60 ತಿಂಗಳು ಎಡೆಬಿಡದೆ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಸಂಗತಿ ಮುಚ್ಚಿಟ್ಟರೆಂಬ ಕಾರಣದಿಂದ ಕ್ಲೇಮು ತಿರಸ್ಕರಿಸುವಂತಿಲ್ಲ. ಹೀಗಾಗಿ ಒಂದು ವರ್ಷ ಕಟ್ಟಿ ಮರುವರ್ಷ ಬಿಡುವುದು ಔಷಧವನ್ನು ಅರ್ಧಕ್ಕೆ ನಿಲ್ಲಿಸಿದಂತೆ. ಅಸಮಾಧಾನವಿದ್ದರೆ, ಕಳೆದ ಕಾಯುವ ಅವಧಿಯ ಲಾಭವನ್ನು ಉಳಿಸಿಕೊಂಡೇ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ.

ಎರಡನೆಯದು ಕೊಠಡಿ ಬಾಡಿಗೆಯ ಮಿತಿ. ಪಾಲಿಸಿಯು ದಿನಕ್ಕೆ 3,000 ರೂಪಾಯಿ ಒಪ್ಪಿರುವಾಗ 6,000ದ ಕೊಠಡಿ ಹಿಡಿದರೆ ಬಾಡಿಗೆಯ ಅರ್ಧ ಮಾತ್ರ ಕೈಬಿಡುತ್ತದೆಂದು ತಿಳಿಯಬಾರದು. ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಅಂಥ ಶುಲ್ಕ ಒಂದು ಲಕ್ಷವಾಗಿದ್ದರೆ 50,000 ನಮ್ಮ ತಲೆಗೇ. ಆದುದರಿಂದ ಈ ಮಿತಿ ಇಲ್ಲದ ಪಾಲಿಸಿಯನ್ನು ಆಯ್ದುಕೊಳ್ಳುವುದು ಲೇಸು; ಇದ್ದರೆ ಮಿತಿಯೊಳಗಿನ ಕೊಠಡಿಯನ್ನೇ ಕೇಳಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಆ ಉಳಿತಾಯವನ್ನು ವಿಮಾ ಮೊತ್ತ ಹೆಚ್ಚಿಸಲು ಬಳಸುವುದು ವಿವೇಕ.

ನಮ್ಮ ವೈದ್ಯಪದ್ಧತಿಯ ಮಾತೂ ಇಲ್ಲಿ ಬರುತ್ತದೆ. 2024ರ ಏಪ್ರಿಲ್ 1ರಿಂದ ಆಯುಷ್ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಿಗೆ ಸಮಾನವಾಗಿ ಕಾಣಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ಕಂಪನಿಗಳಿಗೆ ಸೂಚಿಸಿದೆ. ಸಂಧಿವಾತಕ್ಕೋ ಪಕ್ಷಾಘಾತಕ್ಕೋ ಮಾನ್ಯ ಆಯುರ್ವೇದ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆದ ಪಂಚಕರ್ಮದ ವೆಚ್ಚವನ್ನು ಪಾಲಿಸಿಯ ನಿಯಮದಂತೆ ಕೇಳಬಹುದು. ಆದರೆ ರೋಗವಿಲ್ಲದೆ ದೇಹ ಹಗುರವಾಗಲೆಂದು ಮಾಡಿಸಿಕೊಂಡ ಅಭ್ಯಂಗಕ್ಕೆ ರೋಗದ ಹೆಸರಿಟ್ಟು ಬಿಲ್ಲು ಬರೆಸುವುದು, ಬರೆದುಕೊಡುವುದು, ಎರಡೂ ತಪ್ಪು. ಬಹುಕಾಲ ಕಾದು ದೊರೆತ ಮನ್ನಣೆಯನ್ನು ವೈದ್ಯರಾದ ನಾವೇ ಕೆಡಿಸಬಾರದು.

ನಿಜ ಬರೆದು, ಕಂತು ತಪ್ಪಿಸದೆ, ಆದರೂ ಹಣ ಬಾರದಿದ್ದರೆ ತೆಪ್ಪಗಿರಬೇಕಾಗಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಲ್ಲಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಓದುಗ ಬಂಧುಗಳು ಈ ವಾರವೇ ಪೆಟ್ಟಿಗೆಯಲ್ಲಿರುವ ಪಾಲಿಸಿಯನ್ನು ಹೊರತೆಗೆಯಲಿ. ಮನೆಯ ಓದುಬಲ್ಲ ಮಕ್ಕಳಿಂದ ಮೂರು ವಿಷಯಗಳನ್ನು ಓದಿಸಿ ಕೇಳಲಿ: ಯಾರ ಯಾವ ರೋಗ ನಮೂದಾಗಿದೆ, ಕೊಠಡಿಯ ಮಿತಿ ಎಷ್ಟು, ನಾವು ಹೋಗಬಹುದಾದ ಆಸ್ಪತ್ರೆ ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿದೆಯೇ. ನಮೂದಿಸದೆ ಬಿಟ್ಟ ರೋಗವಿದ್ದರೆ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲಿ. ಕಂತು ತುಸು ಏರೀತು, ಹೊಲ ಉಳಿದೀತು.